ಬೋರಿನ ಮೋಟರ್ ಉಳಿಯುತ್ತದೆ, ಟೈಟನ್ ಏಕೆ ಉಳಿಯಲಿಲ್ಲ?

ವಿಜಯಪುರ, ಬಾಗಲಕೋಟೆ ಕಡೆ ಸಬ್‌ಮರ್ಸಿಬಲ್ ಎಂದರೆ ಬೋರ್‌ವೆಲ್‌ಗೆ ಇಳಿಸುವ ಮೋಟರ್. ನೂರಾರು ಅಡಿ ಆಳದಲ್ಲಿ ವರ್ಷಗಟ್ಟಲೆ ಕೂತರೂ ಅದು ನೀರಿನ ಭಾರಕ್ಕೆ ಜಜ್ಜಿಹೋಗುವುದಿಲ್ಲ. ಇಳಿಸುವ ಮೊದಲೇ ಮೆಕ್ಯಾನಿಕ್ ಅದರ ಹೊಟ್ಟೆಗೆ ನೀರು ತುಂಬಿರುತ್ತಾನೆ. ಒಳಗೂ ಹೊರಗೂ ಒತ್ತಡ ಸಮ. ಸಮುದ್ರದಾಳಕ್ಕೆ ಹೋಗುವ ಸಬ್‌ಮರ್ಸಿಬಲ್‌ಗಳ ಹೊರಗಿನ ಮೋಟರ್, ಬ್ಯಾಟರಿ ಪೆಟ್ಟಿಗೆಗಳಿಗೂ ಇದೇ ಉಪಾಯ, ನೀರಿನ ಬದಲು ಎಣ್ಣೆ ಅಷ್ಟೆ. ತೊಡಕು ಶುರುವಾಗುವುದು ಒಳಗೆ ಮನುಷ್ಯ ಕೂತಾಗ. ಅವನಿಗೆ ಗಾಳಿ ಬೇಕು, ಅದೂ ನೆಲದ ಮೇಲಿರುವಷ್ಟೇ ಒತ್ತಡದ ಗಾಳಿ. ಆ ಗಾಳಿಯ ಗೂಡನ್ನು ಹೊರಗಿನ ನೀರಿನಿಂದ ಕಾಯುವುದು ಹೇಗೆ ಎಂಬುದೇ ಈ ಯಂತ್ರಗಳ ತೊಂಬತ್ತು ವರ್ಷಗಳ ಕಥೆ. 2023ರಲ್ಲಿ ಟೈಟಾನಿಕ್ ಹಡಗಿನ ಅವಶೇಷ ನೋಡಲು ಐವರನ್ನು ಹೊತ್ತು ಇಳಿದು ಕುಸಿದ ಟೈಟನ್ ಇಂಥದೇ ಒಂದು ನೌಕೆ.

ಲೆಕ್ಕ ನೋಡಿ. ಆಲಮಟ್ಟಿ ಅಣೆಕಟ್ಟಿನ ಎತ್ತರ ಸುಮಾರು 52 ಮೀಟರ್. ಅಷ್ಟು ನೀರಿನ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ ಐದು ಕೆ.ಜಿ. ಚಿಲ್ಲರೆ. ಟೈಟಾನಿಕ್ ಬಿದ್ದಿರುವುದು ಸುಮಾರು 3,800 ಮೀಟರ್ ಆಳದಲ್ಲಿ, ಅಂದರೆ 73 ಆಲಮಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ. ಅಲ್ಲಿ ಅದೇ ಚದರ ಸೆಂಟಿಮೀಟರಿಗೆ ಸುಮಾರು 390 ಕೆ.ಜಿ. ಅರ್ಧ ಮೀಟರ್ ವ್ಯಾಸದ ಒಂದು ಮುಚ್ಚಳದ ಮೇಲೆ 760 ಟನ್‌ಗೂ ಹೆಚ್ಚು. ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರಿಗೆ 20 ಟನ್ ಎಂದು ಹಿಡಿದರೆ 38 ಟ್ರ್ಯಾಕ್ಟರುಗಳ ಕಬ್ಬು.

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಮಾಡುವವರು ಈ ಅಂಕಿಗೆ ಬೆಚ್ಚಲಾರರು. 250, 350 ಬಾರ್ (ಒಂದು ಬಾರ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ.) ಅವರಿಗೆ ದಿನನಿತ್ಯದ ಮಾತು. ಆದರೆ ಅಲ್ಲಿ ಒತ್ತಡ ಒಳಗಿನಿಂದ ಹೊರಕ್ಕೆ. ಪೈಪ್ ಹಿಗ್ಗುತ್ತದೆ, ವೆಲ್ಡಿಂಗ್ ದುರ್ಬಲವಿದ್ದರೆ ಹೆಚ್ಚಿನ ಸಲ ಮೊದಲು ಎಣ್ಣೆ ಜಿನುಗಿ ಸೂಚನೆ ಸಿಗುತ್ತದೆ. ಒತ್ತಡ ಹೊರಗಿನಿಂದ ಬಂದಾಗ ಆಟವೇ ಬೇರೆ. ಖಾಲಿ ಎಣ್ಣೆ ಡಬ್ಬಿಯಿಂದ ಗಾಳಿ ಎಳೆದು ನೋಡಿ: ತುಸು ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಒಂದೇ ಏಟಿಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಗುಂಡಗಿರಬೇಕಾದ ಕವಚ ತುಸು ಅಂಡಾಕಾರವಾದರೂ ಅದರ ತಾಕತ್ತು ಬಹಳ ಇಳಿಯುತ್ತದೆ.

ಆದ್ದರಿಂದಲೇ ಮೊದಲಿನಿಂದಲೂ ಗೋಳ. ಒಂದೇ ವ್ಯಾಸ, ಒಂದೇ ದಪ್ಪ, ಒಂದೇ ಆಳಕ್ಕೆ ಕೊಳವೆಯ ಗೋಡೆಯಲ್ಲಿ ಹುಟ್ಟುವ ಒತ್ತು ಗೋಳದ ಗೋಡೆಯಲ್ಲಿ ಹುಟ್ಟುವುದರ ಎರಡರಷ್ಟು. 1934ರಲ್ಲಿ ವಿಲಿಯಂ ಬೀಬ್ ಮತ್ತು ಓಟಿಸ್ ಬಾರ್ಟನ್ ಬರ್ಮುಡಾ ಬಳಿ 923 ಮೀಟರ್ ಇಳಿದದ್ದು ಉಕ್ಕಿನ ಗೋಳದಲ್ಲಿ, ಹಡಗಿನಿಂದ ಇಳಿಬಿಟ್ಟ ತಂತಿಹಗ್ಗಕ್ಕೆ ಜೋತುಬಿದ್ದು. ಅದಕ್ಕೂ ಎರಡು ವರ್ಷ ಮೊದಲು ಅದನ್ನು ಖಾಲಿ ಇಳಿಸಿ ನೋಡಿದಾಗ ಕಿಟಕಿ ಸೋರಿ, ಗೋಳ ನೀರು ತುಂಬಿಕೊಂಡು ಮೇಲೆ ಬಂದಿತ್ತು. ಬಾಗಿಲಿನ ಬೋಲ್ಟ್ ಸಡಿಲಿಸುತ್ತಿದ್ದಂತೆ ಅದು ಗುಂಡಿನಂತೆ ಡೆಕ್ ದಾಟಿ ಹಾರಿತು. ಒಳಗೆ ಯಾರೂ ಇರಲಿಲ್ಲ. ಖಾಲಿ ಇಳಿಸುವುದು ಅದಕ್ಕೇ.

1960ರ ಜನವರಿ 23ರಂದು ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಷ್ ‘ಟ್ರಿಯೆಸ್ಟ್’ನಲ್ಲಿ ಮರಿಯಾನಾ ಕಂದಕದ ತಳ ಮುಟ್ಟಿದರು, ಸುಮಾರು 10,900 ಮೀಟರ್. ಗೋಳದ ಉಕ್ಕು 127 ಮಿಲಿಮೀಟರ್ ದಪ್ಪ. ಅದರ ಜಾಣತನ ಇದ್ದದ್ದು ತೂಕ ಬಿಡುವ ಏರ್ಪಾಟಿನಲ್ಲಿ. ಕಬ್ಬಿಣದ ಗುಂಡುಗಳನ್ನು ವಿದ್ಯುತ್ ಅಯಸ್ಕಾಂತ ಹಿಡಿದಿತ್ತು. ಕರೆಂಟ್ ಹೋದರೆ ಹಿಡಿತ ತಪ್ಪಿ ಗುಂಡು ಬೀಳುತ್ತದೆ, ನೌಕೆ ತಾನಾಗಿ ಮೇಲೇಳುತ್ತದೆ. ಕರೆಂಟ್ ಹೋಗುವುದನ್ನೇ ಜೀವ ಉಳಿಸುವ ದಾರಿ ಮಾಡಿಕೊಂಡ ಇಂಥ ವಿನ್ಯಾಸ ನಮ್ಮೂರಿನವರಿಗೆ ಬೇಗ ಅರ್ಥವಾಗಬೇಕು.

ಪ್ರವಾಸಿಗರು ಬಂದದ್ದು 1964ರಲ್ಲಿ. ಸ್ವಿಟ್ಜರ್ಲೆಂಡಿನ ಲೊಸಾನ್ ವಸ್ತುಪ್ರದರ್ಶನದ ವೇಳೆ ಜಿನೀವಾ ಸರೋವರದಲ್ಲಿ 40 ಜನರನ್ನು ಕೂರಿಸಿಕೊಂಡು ಇಳಿಯುತ್ತಿದ್ದ ನೌಕೆ ಸುಮಾರು 33,000 ಜನರಿಗೆ ಕೆರೆಯ ತಳ ತೋರಿಸಿತು. 80ರ ದಶಕದಿಂದ ಕೆರೀಬಿಯನ್‌ನಲ್ಲಿ ಹವಳ ತೋರಿಸುವ ನೌಕೆಗಳು ಬಂದವು, ಅವುಗಳ ಆಳ ಹತ್ತಾರು ಮೀಟರ್ ಮಾತ್ರ. ಆಳ ಕಡಿಮೆ ಎಂದರೆ ಅಪಾಯವಿಲ್ಲ ಎಂದಲ್ಲ: 2025ರ ಮಾರ್ಚ್‌ನಲ್ಲಿ ಈಜಿಪ್ಟಿನ ಹುರ್ಘಾದಾ ಬಳಿ ಇಂಥದೇ ‘ಸಿಂದಬಾದ್’ ಮುಳುಗಿ ಆರು ಪ್ರವಾಸಿಗರು ಸತ್ತರು.

ಗಮನಿಸಬೇಕಾದದ್ದು, ಟೈಟನ್‌ಗಿಂತ ಹಿಂದಿನ ಹೆಸರಾದ ಅವಘಡಗಳಲ್ಲಿ ಕೈಕೊಟ್ಟದ್ದು ಜನ ಕೂತ ಗೋಳವಲ್ಲ. 1973ರ ಜೂನ್‌ನಲ್ಲಿ ಫ್ಲಾರಿಡಾ ಬಳಿ ‘ಜಾನ್ಸನ್ ಸೀ ಲಿಂಕ್’ ಮುಳುಗಿದ ಹಡಗೊಂದರ ಅವಶೇಷಕ್ಕೆ ಸಿಕ್ಕಿಹಾಕಿಕೊಂಡಿತು. ಹಿಂಬದಿ ಕೋಣೆಯಲ್ಲಿದ್ದ ಇಬ್ಬರು ಸತ್ತರು. ಅದರ ಅಲ್ಯೂಮಿನಿಯಂ ಗೋಡೆ ಸಮುದ್ರದ ಚಳಿಯನ್ನು ಒಳಕ್ಕೆ ಬಿಟ್ಟಿತ್ತು. ಇಂಗಾಲದ ಡೈಆಕ್ಸೈಡ್ ಹೀರುವ ರಾಸಾಯನಿಕ ಆ ಚಳಿಗೆ ಮಂದವಾಯಿತು. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಖಾಲಿಯಾಗುವ ಮೊದಲೇ ಬಿಟ್ಟ ಉಸಿರು ವಿಷವಾಗುತ್ತದೆ. ಒಬ್ಬ ಮನುಷ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆ.ಜಿ. ಡೈಆಕ್ಸೈಡ್ ಹೊರಬಿಡುತ್ತಾನೆ. ‘96 ತಾಸಿನ ಆಮ್ಲಜನಕವಿದೆ’ ಎಂದು ಹೇಳುವಾಗ ಅಷ್ಟೇ ತಾಸಿಗೆ ಸಾಕಾಗುವ ಹೀರುವ ಹರಳು ಇದೆಯೇ ಎಂದೂ ಕೇಳಬೇಕು. ಅದೇ ವರ್ಷದ ಆಗಸ್ಟ್‌ನಲ್ಲಿ ಐರ್ಲೆಂಡ್ ಬಳಿ ‘ಪೈಸಿಸ್ 3’ ನೀರಿನ ಮೇಲಿದ್ದಾಗ ಎಳೆಯುವ ಹಗ್ಗ ತೊಡರಿ ಹಿಂಬದಿ ಗೋಳದ ಮುಚ್ಚಳ ಕಿತ್ತುಬಂತು. ನೀರು ನುಗ್ಗಿ ನೌಕೆ ಸುಮಾರು 480 ಮೀಟರ್ ಆಳಕ್ಕೆ ಬಿತ್ತು. ಇಬ್ಬರನ್ನು 76 ತಾಸಿನ ಬಳಿಕ ಜೀವಂತ ಎತ್ತಿದರು.

ಜನ ಕೂರುವ ಕವಚ ಇಷ್ಟು ವರ್ಷ ತಾಳಿದ್ದಕ್ಕೆ ಕಾರಣ ಬೇಸರ ತರಿಸುವಷ್ಟು ಕಟ್ಟುನಿಟ್ಟಿನ ತಪಾಸಣೆ. ಹಡಗುಗಳಿಗೆ ದರ್ಜೆ ಕೊಡುವ ಸಂಸ್ಥೆಯವರು ವಿನ್ಯಾಸದಿಂದ ಹಿಡಿದು ಲೋಹ, ವೆಲ್ಡಿಂಗ್, ಒತ್ತಡ ಪರೀಕ್ಷೆವರೆಗೆ ಜೊತೆಗಿರುತ್ತಾರೆ. ಕಿಟಕಿಯನ್ನೇ ತೆಗೆದುಕೊಳ್ಳಿ. ಅದು ಶಂಕುವಿನಂತೆ ಕಡಿದ ದಪ್ಪ ಅಕ್ರಿಲಿಕ್; ನೀರು ಒತ್ತಿದಷ್ಟೂ ತನ್ನ ಗೂಡಿನಲ್ಲಿ ಬಿಗಿಯಾಗಿ ಕೂರುತ್ತದೆ. ಆದರೂ ಅಮೆರಿಕದ ಪ್ರಮಾಣಿತ ನಿಯಮದಲ್ಲಿ ಅದಕ್ಕೆ ಆಯಸ್ಸು ಬರೆದಿದೆ: 10 ವರ್ಷ ಅಥವಾ 10,000 ಸಲದ ಒತ್ತಡ. ಎಷ್ಟು ಆಳ ಎನ್ನುವಷ್ಟೇ ಎಷ್ಟು ಸಲ ಎನ್ನುವುದೂ ಮುಖ್ಯ.

ಟೈಟನ್ ಈ ಎರಡನೆಯ ಪ್ರಶ್ನೆಯಲ್ಲಿ ಬಿತ್ತು. ಗೋಳದೊಳಗೆ ಇಬ್ಬರು ಮೂವರು ಹಿಡಿಯುತ್ತಾರೆ. ತಲೆಗೆ ಎರಡೂವರೆ ಲಕ್ಷ ಡಾಲರ್ ಟಿಕೆಟ್ ಇಟ್ಟ ಓಶನ್‌ಗೇಟ್ ಕಂಪನಿಗೆ ಐವರು ಕೂರಬೇಕಿತ್ತು, ತೂಕವೂ ಕಡಿಮೆ ಇರಬೇಕಿತ್ತು. ಹಾಗಾಗಿ 127 ಮಿ.ಮೀ. ದಪ್ಪದ ಕಾರ್ಬನ್ ಫೈಬರ್ ಕೊಳವೆ, ಎರಡೂ ತುದಿಗೆ ಟೈಟಾನಿಯಂ ಉಂಗುರ ಮತ್ತು ಅರ್ಧಗೋಳ, ಉಂಗುರವನ್ನು ಕೊಳವೆಗೆ ಹಿಡಿದದ್ದು ಅಂಟು. ಕಾರ್ಬನ್ ನೂಲು ಹಗ್ಗದ ಜಾತಿ: ಎಳೆತಕ್ಕೆ ಗಟ್ಟಿ, ಒತ್ತಿದರೆ ಅದರ ಬಲ ಬಹುಮಟ್ಟಿಗೆ ನಡುವಿನ ರಾಳದ ಮೇಲೆ ನಿಂತಿರುತ್ತದೆ. ಗೋಳಗುಮ್ಮಟದ 44 ಮೀಟರ್ ಗುಮ್ಮಟ ನಿಂತಿರುವುದು ಇಟ್ಟಿಗೆ ಗಾರೆ ಒತ್ತಡ ತಾಳುವ ವಸ್ತುಗಳಾದ್ದರಿಂದ. ಇಲ್ಲಿ ಎಳೆತದ ವಸ್ತುವನ್ನು ಒತ್ತಡದ ಕೆಲಸಕ್ಕೆ ಹಚ್ಚಿದ್ದರು.

ಮೊದಲ ಕವಚದಲ್ಲಿ ಬಿರುಕು ಕಂಡದ್ದರಿಂದ ಎರಡನೆಯದನ್ನು ಮಾಡಿದರು. ಸುಮಾರು 25 ಮಿ.ಮೀ.ನ ಐದು ಪದರ. ಒಂದೊಂದನ್ನೂ ಬೇಯಿಸಿ, ಮೇಲೆ ಎದ್ದ ಸುಕ್ಕು ತಿಕ್ಕಿ, ಅಂಟು ಹಚ್ಚಿ ಮುಂದಿನದನ್ನು ಸುತ್ತಿದರು. ಸುಕ್ಕು ತಿಕ್ಕಿದಲ್ಲಿ ನೂಲೂ ಕಡಿಯುತ್ತದೆ. ಪದರಗಳ ನಡುವಿನ ಪೊಳ್ಳು, ಎರಕದವರ ಭಾಷೆಯಲ್ಲಿ ಪೊರಾಸಿಟಿ, ತಪಾಸಣೆಗಾರರಿಗೆ ಅವಘಡದ ಬಳಿಕ ಕಂಡಿತು. ಕಂಪನಿಯ ಸಾಗರ ಕಾರ್ಯಾಚರಣೆ ನಿರ್ದೇಶಕ ಡೇವಿಡ್ ಲಾಕ್‌ರಿಜ್ 2018ರಲ್ಲೇ ಕವಚ ಮತ್ತು ಕಿಟಕಿಯ ಬಗ್ಗೆ ಬರೆದುಕೊಟ್ಟು ಕೆಲಸ ಕಳೆದುಕೊಂಡಿದ್ದರು. ಅದೇ ಮಾರ್ಚ್‌ನಲ್ಲಿ ಕ್ಷೇತ್ರದ ಪರಿಣತರು ದರ್ಜೆ ಪಡೆಯಿರಿ ಎಂದು ಪತ್ರ ಬರೆದರು. ಕಂಪನಿ ಪಡೆಯಲಿಲ್ಲ, ಬದಲಿಗೆ ಕವಚದ ಸದ್ದು ಕೇಳುವ, ಅದು ಕುಗ್ಗುವುದನ್ನು ಅಳೆಯುವ ಸೆನ್ಸರ್‌ಗಳನ್ನು ನೆಚ್ಚಿಕೊಂಡಿತು.

ಸೆನ್ಸರ್ ತನ್ನ ಕೆಲಸ ಮಾಡಿತ್ತು ಎನ್ನುವುದೇ ಹೊಟ್ಟೆ ಉರಿಸುವ ಸಂಗತಿ. 2022ರ ಜುಲೈ 15ರಂದು 80ನೇ ಇಳಿತದಿಂದ ಮೇಲೆ ಬರುವಾಗ ದೊಡ್ಡ ಸದ್ದಾಯಿತು. ಆ ಬಳಿಕದ ಇಳಿತಗಳಲ್ಲಿ ಕವಚ ಕುಗ್ಗುವ ರೀತಿಯೇ ಬದಲಾದದ್ದು ದಾಖಲೆಯಲ್ಲಿತ್ತು. ಪದರ ಬಿಟ್ಟುಕೊಂಡಿದೆ ಎಂದು ಅದನ್ನು ಓದಿದವರಿಲ್ಲ. ಆ ಚಳಿಗಾಲ ನೌಕೆ ಕೆನಡಾದ ಸೇಂಟ್ ಜಾನ್ಸ್‌ನಲ್ಲಿ ಬಯಲಲ್ಲೇ ನಿಂತಿತ್ತು. ಬಿರುಕಿನಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಬಿರುಕನ್ನು ಅಗಲಿಸುತ್ತದೆ. 2023ರ ಜೂನ್ 18ರಂದು 88ನೇ ಇಳಿತ. ಸುಮಾರು 3,300 ಮೀಟರ್ ದಾಟಿದ ಮೇಲೆ ಕವಚ ಕುಸಿಯಿತು. ರೆಪ್ಪೆ ಬಡಿಯುವಷ್ಟರಲ್ಲಿ, ಕಂಪನಿಯ ಮುಖ್ಯಸ್ಥ ಸ್ಟಾಕ್‌ಟನ್ ರಶ್ ಸೇರಿ ಐವರು ಸತ್ತರು. ಈ ಸಾವುಗಳನ್ನು ತಪ್ಪಿಸಬಹುದಿತ್ತು ಎಂದು ಅಮೆರಿಕದ ಕರಾವಳಿ ಪಡೆ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು.

ಅದೇ ಹೊತ್ತಿಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ‘ಮತ್ಸ್ಯ 6000’ ಸಿದ್ಧವಾಗುತ್ತಿತ್ತು. ಮೂವರನ್ನು 6,000 ಮೀಟರಿಗೆ ಒಯ್ಯಬೇಕಾದ ಅದರ ಗೂಡು 2.1 ಮೀಟರ್ ಒಳವ್ಯಾಸದ, 80 ಮಿ.ಮೀ. ದಪ್ಪದ ಟೈಟಾನಿಯಂ ಗೋಳ. ಇಷ್ಟು ದಪ್ಪದ ಟೈಟಾನಿಯಂ ಬೆಸೆಯಲು ಇಸ್ರೋದವರ ಎಲೆಕ್ಟ್ರಾನ್ ಕಿರಣದ ವೆಲ್ಡಿಂಗ್ ಬೇಕಾಯಿತು. ಟೈಟಾನಿಯಂಗೆ ಮೊದಲು ಉಕ್ಕಿನದೊಂದು ಗೋಳ ಮಾಡಿ, 2021ರಲ್ಲಿ ಬಂಗಾಳ ಕೊಲ್ಲಿಯಲ್ಲಿ 600 ಮೀಟರ್ ಆಳಕ್ಕೆ ಇಳಿಸಿ ನೋಡಿದ್ದರು. ಆಗಲೂ ಒಳಗೆ ಯಾರೂ ಇರಲಿಲ್ಲ.