ರಕ್ತನಾಳದ ಬಿಗಿತಕ್ಕೂ ರೋಗನಿರೋಧಕ ಗ್ರಾಹಕಕ್ಕೂ ಏನು ನಂಟು?

ಸೋಂಕಿಗೆ ದೇಹ ತೋರುವ ಹದ್ದುಮೀರಿದ ಪ್ರತಿಕ್ರಿಯೆಯಾದ ಸೆಪ್ಸಿಸ್ ಉಲ್ಬಣಿಸಿದಾಗ ರಕ್ತದೊತ್ತಡ ಕುಸಿಯುವುದಕ್ಕೂ, ವರ್ಷಗಟ್ಟಲೆ ಸದ್ದಿಲ್ಲದೆ ಅದು ಏರುತ್ತ ಹೋಗುವುದಕ್ಕೂ ಇಂದು ಒಂದೇ ಗ್ರಾಹಕದ (ನಿರ್ದಿಷ್ಟ ಅಣುಗಳನ್ನು ಗುರುತಿಸಿ ಕೋಶಕ್ಕೆ ಸಂಕೇತ ಕೊಡುವ ಪ್ರೋಟೀನಿನ) ಹೆಸರು ಕೇಳಿಬರುತ್ತಿದೆ. ಟಿಎಲ್‌ಆರ್4 ಎಂಬ ಈ ಪ್ರೋಟೀನು, ಸೋಂಕನ್ನು ಮೊದಲು ಗುರುತಿಸುವ ಸಹಜ ರೋಗನಿರೋಧಕ ವ್ಯವಸ್ಥೆಗೆ ಸೇರಿದ್ದು. ರೋಗನಿರೋಧಶಾಸ್ತ್ರ ಮತ್ತು ರಕ್ತನಾಳಗಳ ಅಧ್ಯಯನ ದೀರ್ಘಕಾಲ ತಮ್ಮ ತಮ್ಮ ದಾರಿಯಲ್ಲೇ ಸಾಗಿದ್ದರಿಂದ ಇವೆರಡರ ನಂಟು ತಡವಾಗಿ ಕಾಣಿಸಿತು.

ಬ್ಯಾಕ್ಟೀರಿಯಾ ಸತ್ತ ಮೇಲೂ ಉಳಿಯುವ ಎಂಡೋಟಾಕ್ಸಿನ್ ಎಂಬ ವಿಷವನ್ನು ಜರ್ಮನಿಯ ರಿಚರ್ಡ್ ಫೈಫರ್ 19ನೇ ಶತಮಾನದ ಕೊನೆಯಲ್ಲಿ ಗುರುತಿಸಿದ್ದರು. ಅದನ್ನು ದೇಹ ಗ್ರಹಿಸುವುದು ಟಿಎಲ್‌ಆರ್4 ಮೂಲಕ ಎಂದು ಅಮೆರಿಕದ ವಿಜ್ಞಾನಿ ಬ್ರೂಸ್ ಬಾಯ್ಟ್ಲರ್ ತಂಡ ತೋರಿಸಿದ್ದು 1998ರಲ್ಲಿ.

ಅಷ್ಟರಲ್ಲಿ ರಕ್ತನಾಳದ ಕಡೆಯಿಂದ ಕಥೆ ಬಹಳ ಮುಂದೆ ಸಾಗಿತ್ತು. ನಾಳದ ಒಳಪೊರೆ ಇದ್ದರೆ ಮಾತ್ರ ಅಸಿಟೈಲ್‌ಕೋಲಿನ್ ಎಂಬ ನರಸಂದೇಶವಾಹಕ ನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ ಎಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಪ್ರಕಟಿಸಿದರು. ಆ ಸಡಿಲಿಕೆಯನ್ನು ಉಂಟುಮಾಡುವ ವಸ್ತು ನೈಟ್ರಿಕ್ ಆಕ್ಸೈಡ್ ಅನಿಲ ಎಂಬುದು ಕೆಲವೇ ವರ್ಷಗಳಲ್ಲಿ ಖಚಿತವಾಯಿತು. ಒಳಪೊರೆ ಇದನ್ನು ಅಲ್ಪ ಪ್ರಮಾಣದಲ್ಲಿ, ಬೇಕಾದಾಗ ಮಾತ್ರ, ಮುಖ್ಯವಾಗಿ ಕೋಶದೊಳಗಿನ ಕ್ಯಾಲ್ಸಿಯಂ ಏರಿದಾಗ ತಯಾರಿಸುತ್ತದೆ. ಆದರೆ ಎಂಡೋಟಾಕ್ಸಿನ್ ತಗುಲಿದ ಕೆಲವು ಗಂಟೆಗಳಲ್ಲಿ ಸ್ನಾಯುಕೋಶಗಳೇ ಹೊಸದೊಂದು ಕಿಣ್ವವನ್ನು ಕಟ್ಟಿಕೊಂಡು, ಕ್ಯಾಲ್ಸಿಯಂ ಮಟ್ಟ ಏರಲಿ ಬಿಡಲಿ, ನೈಟ್ರಿಕ್ ಆಕ್ಸೈಡನ್ನು ಎಡೆಬಿಡದೆ ಸುರಿಸತೊಡಗುತ್ತವೆ; ನಾಳ ಸಡಿಲಗೊಂಡು ಒತ್ತಡ ಕುಸಿಯುತ್ತದೆ. ಆದ್ದರಿಂದಲೇ ಒಳಪೊರೆಯನ್ನು ಕೆರೆದು ತೆಗೆದ ನಾಳವೂ, ಸಾಮಾನ್ಯವಾಗಿ ನಾಳವನ್ನು ಬಲವಾಗಿ ಸಂಕುಚಿಸುವ ನೊರಾಡ್ರಿನಾಲಿನ್ ಎಂಬ ಹಾರ್ಮೋನಿಗೆ, ಇಂಥ ಸ್ಥಿತಿಯಲ್ಲಿ ಸರಿಯಾಗಿ ಸ್ಪಂದಿಸುವುದಿಲ್ಲ. ತೀವ್ರ ನಿಗಾ ಘಟಕಗಳಲ್ಲಿ ಔಷಧವಾಗಿ ಕೊಡುವ ನೊರಾಡ್ರಿನಾಲಿನ್ ಪ್ರಮಾಣವನ್ನು ಏರಿಸುತ್ತ ಹೋದರೂ ಒತ್ತಡ ನಿಲ್ಲದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಕಾರಣ ತಿಳಿದ ಮೇಲೆ ಅದನ್ನು ತಡೆದರೆ ಸಾಕಲ್ಲವೇ ಎಂಬ ತರ್ಕ ಆಕರ್ಷಕವಾಗಿತ್ತು, ಬಹುಶಃ ಅತಿಯಾಗಿಯೇ. ನೈಟ್ರಿಕ್ ಆಕ್ಸೈಡ್ ತಯಾರಿಯನ್ನು ತಡೆಯುವ ಒಂದು ಔಷಧ ರಕ್ತದೊತ್ತಡವನ್ನೇನೋ ಏರಿಸಿತು. ಆದರೆ 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದನ್ನು ಪಡೆದವರಲ್ಲೇ ಸಾವು ಹೆಚ್ಚಾಗಿತ್ತು. ಗ್ರಾಹಕವನ್ನೇ ಅಡ್ಡಗಟ್ಟುವ ಎರಿಟೊರಾನ್, ಸುಮಾರು 2,000 ರೋಗಿಗಳ ಮೇಲಿನ ಪ್ರಯೋಗದಲ್ಲಿ, ಸಾವನ್ನು ತಗ್ಗಿಸಲಿಲ್ಲ ಎಂದು 2013ರಲ್ಲಿ ವರದಿಯಾಯಿತು. ರೋಗಿ ಆಸ್ಪತ್ರೆ ತಲುಪುವ ಹೊತ್ತಿಗೆ ಗ್ರಾಹಕದ ಸಂಕೇತ ಬಹಳ ದೂರ ಹೋಗಿರುತ್ತದೆ ಎಂಬುದು ಈಗ ಹೇಳಲು ಸುಲಭ. ಪ್ರಾಣಿಗೆ ಎಂಡೋಟಾಕ್ಸಿನ್ ಚುಚ್ಚುವ ಮೊದಲೇ ಔಷಧ ಕೊಟ್ಟು ಪಡೆದ ಫಲಿತಾಂಶಗಳಿಗೆ ಎಷ್ಟು ತೂಕ ಕೊಡಬೇಕೆಂಬ ಪ್ರಶ್ನೆಯನ್ನು ಇನ್ನಷ್ಟು ಮುಂಚೆಯೇ ಎತ್ತಬಹುದಿತ್ತು.

ಇದೇ ಅವಧಿಯಲ್ಲಿ ತದ್ವಿರುದ್ಧ ಚಿತ್ರವೂ ಮೂಡುತ್ತಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿನಿಂದಲೇ ಅಧಿಕ ರಕ್ತದೊತ್ತಡಕ್ಕೆ ಒಳಗಾಗುವ ತಳಿಯ ಇಲಿಗಳಿಗೆ ಟಿಎಲ್‌ಆರ್4 ವಿರುದ್ಧದ ಪ್ರತಿಕಾಯ ಕೊಟ್ಟಾಗ ಒತ್ತಡವೂ ತಗ್ಗಿತು, ನೊರಾಡ್ರಿನಾಲಿನ್‌ಗೆ ನಾಳ ತೋರುತ್ತಿದ್ದ ಅತಿ ಸಂಕೋಚನವೂ ಕಡಿಮೆಯಾಯಿತು. ಇಲ್ಲಿ ಬ್ಯಾಕ್ಟೀರಿಯಾದ ಅಗತ್ಯವೇ ಇಲ್ಲ; ಹಾನಿಗೊಂಡ ಸ್ವಂತ ಕೋಶಗಳಿಂದ ಸೋರುವ ಅಣುಗಳೇ ಗ್ರಾಹಕವನ್ನು ಕೆಣಕಬಲ್ಲವು ಎಂಬುದು ಈ ವಾದದ ತಳಹದಿ. ಹಾಗೆ ದೀರ್ಘಕಾಲ ಕೆಣಕಿದಾಗ ಹೆಚ್ಚುವ ಆಮ್ಲಜನಕದ ಕ್ರಿಯಾಶೀಲ ಅಣುಗಳು ಒಳಪೊರೆಯ ನೈಟ್ರಿಕ್ ಆಕ್ಸೈಡನ್ನು ನುಂಗಿಹಾಕುವುದರಿಂದ ಸ್ನಾಯು ಬಿಗಿತದ ಕಡೆಗೆ ವಾಲುತ್ತದೆ. ಅಂದರೆ ಪ್ರಚೋದನೆಯ ತೀವ್ರತೆ ಮತ್ತು ಅವಧಿಯನ್ನು ಹೇಳದೆ ಗ್ರಾಹಕದ ಹೆಸರೊಂದನ್ನೇ ಹೇಳಿದರೆ ಏನನ್ನೂ ವಿವರಿಸಿದಂತಾಗುವುದಿಲ್ಲ. ಸೆಪ್ಸಿಸ್ ಆಘಾತದಲ್ಲಿ ರಕ್ತದೊತ್ತಡವನ್ನು ಹಿಡಿದಿಡಲು ವೈದ್ಯರು ಇಂದಿಗೂ ಮೊದಲು ಬಳಸುವುದು ದ್ರವಗಳು ಮತ್ತು ನೊರಾಡ್ರಿನಾಲಿನ್ ಅನ್ನೇ.