ಕಂಪನಿ ಆಯ್ತು, ಇನ್ನು ಬಿಲ್ ಯಾರ ಹೆಸರಲ್ಲಿ?

ಪ್ರಶ್ನೆ: ನಾನು ಮಂಡ್ಯದಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಬೆಲ್ಲದ ಪ್ಯಾಕೆಟ್ಟಿನ ಲೇಬಲ್, ಹೋಟೆಲ್ ಮೆನು, ವೆಬ್‌ಸೈಟ್, ಇಂಥವು. ಇಷ್ಟು ದಿನ ನನ್ನ ಹೆಸರಲ್ಲೇ ಬಿಲ್ ಕೊಡುತ್ತಿದ್ದೆ. ಹೋದ ತಿಂಗಳು ಒಬ್ಬಳೇ ಒಪಿಸಿ (ಒನ್ ಪರ್ಸನ್ ಕಂಪನಿ, ಅಂದರೆ ಒಬ್ಬರೇ ಷೇರುದಾರರಿರುವ ಕಂಪನಿ) ಮಾಡಿಸಿದೆ. ಜಿಎಸ್‌ಟಿ ನಂಬರ್ ಇನ್ನೂ ಇಲ್ಲ. ಈಗಲೇ ಕಂಪನಿ ಹೆಸರಲ್ಲಿ ಬಿಲ್ ಹಾಕಬಹುದಾ?

ಉತ್ತರ: ಜಿಎಸ್‌ಟಿ ಇಲ್ಲದೆಯೂ ಹಾಕಬಹುದು. ಆದರೆ ಅದಕ್ಕೆ ಮೊದಲು ಒಂದು ಕೆಲಸ ಮುಗಿದಿರಬೇಕು. ಕಂಪನಿ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆದು, ನಿಮ್ಮ ಷೇರಿನ ಹಣವನ್ನು ಅದಕ್ಕೆ ಕಟ್ಟಿ, ಐಎನ್‌ಸಿ-20ಎ ಫಾರಂ (ವ್ಯವಹಾರ ಶುರು ಮಾಡುತ್ತೇವೆ ಎಂಬ ಘೋಷಣೆ) ಸಲ್ಲಿಸಬೇಕು. ಇದಕ್ಕೆ 180 ದಿನ ಟೈಮ್ ಇದೆ. ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಗಡುವು ದೂರ ಇದ್ದರೂ, ಆ ಫಾರಂ ಹೋಗುವ ತನಕ ಕಂಪನಿ ವ್ಯವಹಾರ ಶುರು ಮಾಡುವಂತಿಲ್ಲ. ನೋಂದಣಿ ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಬಿಲ್ ಹಾಕಿದವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಗಡುವು ಮೀರಿದರೆ ನಿಮ್ಮಂಥ ಒಪಿಸಿ ಕಂಪನಿಗೆ 25,000 ರೂಪಾಯಿ ತನಕ ದಂಡ ಬೀಳಬಹುದು. ನಿಮ್ಮ ಆಡಿಟರಿಗೆ ಇವತ್ತೇ ಫೋನ್ ಮಾಡಿ ಕೇಳಿ.

ಮುಖ್ಯವಾದ ಮಾತು ಇದು. ಕಂಪನಿ ಅಂದರೆ ನೀವಲ್ಲ. ಷೇರೆಲ್ಲ ನಿಮ್ಮದೇ ಆದರೂ ಕಾನೂನಿನ ಕಣ್ಣಿಗೆ ಅದು ಬೇರೆಯೇ ವ್ಯಕ್ತಿ. ಪಾನ್ ಕಾರ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕನೇ ಅಕ್ಷರ ನಿಮ್ಮದರಲ್ಲಿ 'ಪಿ', ಕಂಪನಿಯದರಲ್ಲಿ 'ಸಿ'. ಬಿಲ್ಲಿನ ಬಗ್ಗೆ ಏಳುವ ಅರ್ಧ ಪ್ರಶ್ನೆಗಳಿಗೆ ಇದರಲ್ಲೇ ಉತ್ತರ ಇದೆ.

ಇದು ನನಗೆ ಅರ್ಥವಾಗಿದ್ದು ಪೆಟ್ಟು ತಿಂದ ಮೇಲೆ. ಮೈಸೂರಿನಲ್ಲಿ ನಾನು ಕಂಪನಿ ಮಾಡಿಕೊಂಡ ಮೊದಲ ವರ್ಷ, ಹಳೇ ಗಿರಾಕಿಯೊಬ್ಬರಿಗೆ ಹೊಸ ಹೆಸರಲ್ಲಿ ಬಿಲ್ ಕಳಿಸಿದೆ. ಅವರ ಅಕೌಂಟ್ಸ್ ವಿಭಾಗದಲ್ಲಿ ಇದ್ದದ್ದು ನನ್ನ ಹಳೇ ವಿವರ. ದುಡ್ಡು ಕಂಪನಿ ಖಾತೆಗೆ ಬಂತು, ಟಿಡಿಎಸ್ (ದುಡ್ಡು ಕೊಡುವಾಗ ಗಿರಾಕಿ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಮಾತ್ರ ನನ್ನ ಸ್ವಂತ ಪಾನ್‌ಗೆ ಹೋಯಿತು. ಕಂಪನಿಯ ಲೆಕ್ಕದಲ್ಲಿ ಆದಾಯ ಇದೆ, ಅದರ 26ಎಎಸ್‌ನಲ್ಲಿ (ಪಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಟಿಡಿಎಸ್ ಇಲ್ಲ. ಗಿರಾಕಿ ತಮ್ಮ ಟಿಡಿಎಸ್ ರಿಟರ್ನ್ ತಿದ್ದಿ ಮತ್ತೆ ಸಲ್ಲಿಸುವ ತನಕ ತಿಂಗಳುಗಟ್ಟಲೆ ಅಲೆದೆ. ಅದಕ್ಕೇ ಹೇಳುವುದು, ಮೊದಲ ಬಿಲ್‌ಗಿಂತ ಮುಂಚೆ ಪ್ರತಿ ಗಿರಾಕಿಗೂ ಒಂದು ಪತ್ರ ಹೋಗಲಿ. ಕಂಪನಿ ಪಾನ್, ನೋಂದಣಿ ಸರ್ಟಿಫಿಕೇಟ್, ಒಂದು ಕ್ಯಾನ್ಸಲ್ ಮಾಡಿದ ಚೆಕ್ ಜೊತೆಗಿರಲಿ. ದುಡ್ಡು ಯಾವತ್ತೂ ಕಂಪನಿ ಖಾತೆಗೇ ಬರಲಿ. 'ಅರ್ಜೆಂಟ್, ನಿಮ್ಮ ನಂಬರಿಗೆ ಫೋನ್‌ಪೇ ಮಾಡ್ತೀನಿ' ಅಂದರೆ ಒಪ್ಪಬೇಡಿ.

ಬಿಲ್ಲಿನ ಮೇಲೆ ಏನಿರಬೇಕು? ಕಂಪನಿಯ ಪೂರ್ತಿ ಹೆಸರು, ಅದರ ಕೆಳಗೆ ಕಂಸದಲ್ಲಿ 'ಒನ್ ಪರ್ಸನ್ ಕಂಪನಿ' ಎಂಬ ಮಾತು, ನೋಂದಾಯಿತ ಕಚೇರಿಯ ವಿಳಾಸ, 21 ಅಕ್ಷರದ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ), ಫೋನ್, ಇಮೇಲ್. ಇವೆಲ್ಲ 2013ರ ಕಂಪನಿ ಕಾಯ್ದೆ ಕೇಳುವಂಥವು. ಕಚೇರಿ ನಿಮ್ಮ ಮನೆಯೇ ಆಗಿದ್ದರೆ ಮನೆ ವಿಳಾಸವನ್ನೇ ಹಾಕಿ, ಸಂಕೋಚ ಬೇಡ. ಆಮೇಲೆ ತಾರೀಖು, ಕ್ರಮಸಂಖ್ಯೆ, ಗಿರಾಕಿಯ ಹೆಸರು, ಮಾಡಿದ ಕೆಲಸ, ಮೊತ್ತ, ಬ್ಯಾಂಕ್ ವಿವರ. ಕೆಲಸವನ್ನು ಬಿಡಿಸಿ ಬರೆಯಿರಿ. ಬರೀ 'ಡಿಸೈನ್ ಚಾರ್ಜ್' ಅಂತ ಬರೆದರೆ ಆರು ತಿಂಗಳಾದ ಮೇಲೆ ಅದು ಯಾವುದಕ್ಕೆ ಅಂತ ಅವರಿಗೂ ನೆನಪಿರುವುದಿಲ್ಲ, ನಿಮಗೂ ಇರುವುದಿಲ್ಲ. ಕ್ರಮಸಂಖ್ಯೆ ಕಂಪನಿಗೆ ಹೊಸದಾಗಿ 1ರಿಂದಲೇ ಶುರುವಾಗಲಿ. ಹಳೇ ಸರಣಿ ಮುಂದುವರಿಸಬೇಡಿ.

ಇನ್ನು ಜಿಎಸ್‌ಟಿ. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ನೋಂದಣಿ ಕಡ್ಡಾಯವಲ್ಲ. ಗಿರಾಕಿ ಬೇರೆ ರಾಜ್ಯದವರಾದರೂ ಇದೇ ಲೆಕ್ಕ. ಈ ಮಿತಿಯನ್ನು ಪಾನ್ ಮೇಲೆ ನೋಡುತ್ತಾರೆ, ಹಾಗಾಗಿ ನೀವು ಮೊದಲು ಸ್ವಂತವಾಗಿ ದುಡಿದದ್ದು ಕಂಪನಿಯ ಲೆಕ್ಕಕ್ಕೆ ಸೇರುವುದಿಲ್ಲ. ನೋಂದಣಿ ಇಲ್ಲದಿದ್ದಾಗ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಒಂದು ರೂಪಾಯಿಯನ್ನೂ ಸೇರಿಸುವಂತಿಲ್ಲ, 'ಟ್ಯಾಕ್ಸ್ ಇನ್‌ವಾಯ್ಸ್' ಅಂತಲೂ ಬರೆಯಬೇಡಿ. ನೋಂದಣಿ ಆದ ಮೇಲೆ ಡಿಸೈನ್ ಕೆಲಸಕ್ಕೆ 18%. ಗಿರಾಕಿ ಕರ್ನಾಟಕದವರಾದರೆ ಕೇಂದ್ರದ್ದು 9, ರಾಜ್ಯದ್ದು 9 ಎಂದು ಒಡೆದು, ಹೊರ ರಾಜ್ಯದವರಾದರೆ ಐಜಿಎಸ್‌ಟಿ ಅಂತ ಒಟ್ಟಿಗೆ. ಬೆಂಗಳೂರಿನ ದೊಡ್ಡ ಕಂಪನಿಗಳ ಕೆಲಸವೇ ಜಾಸ್ತಿ ಇದ್ದರೆ ಮೊದಲೇ ನೋಂದಣಿ ಮಾಡಿಸಿ, ನೀವು ಹಾಕಿದ ತೆರಿಗೆಗೆ ಅವರಿಗೆ ಕ್ರೆಡಿಟ್ ಸಿಗುತ್ತದೆ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬಹುದು. ಸಣ್ಣ ಹೋಟೆಲ್, ಆಲೆಮನೆಯವರೇ ಗಿರಾಕಿಗಳಾದರೆ ಆ 18% ಅವರಿಗೆ ಭಾರ. ಸದ್ಯಕ್ಕೆ ಬೇಡ ಅಂತಲೇ ನನ್ನ ಸಲಹೆ.

ದುಡ್ಡು ತಡವಾಗಿ ಬರುವುದೇ ನಮ್ಮಂಥವರಿಗೆ ದೊಡ್ಡ ಸಂಕಟ, ಅಲ್ವಾ? ಅದಕ್ಕೆ ಕಂಪನಿ ಹೆಸರಲ್ಲಿ ಉದ್ಯಮ್ (ಸಣ್ಣ ಉದ್ಯಮಗಳಿಗೆ ಸರ್ಕಾರದ) ನೋಂದಣಿ ಮಾಡಿಸಿ. ಆನ್‌ಲೈನಲ್ಲಿ ಆಗುತ್ತದೆ, ಪೂರ್ತಿ ಉಚಿತ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಆ ನಂಬರನ್ನೂ ಬಿಲ್ಲಿನಲ್ಲಿ ಹಾಕಿ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಗಿರಾಕಿ 15 ದಿನದಲ್ಲಿ ದುಡ್ಡು ಕೊಡಬೇಕು. ಬರಹದಲ್ಲಿ ಬೇರೆ ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದಕ್ಕಿಂತ ಜಾಸ್ತಿ ಕೆಲಸ ಮಾಡುವುದು ಇನ್ನೊಂದು ನಿಯಮ. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಗಿರಾಕಿ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಬೇಕಾದರೆ, ನಿಜವಾಗಿ ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಹಾಗಾಗಿ ಮಾರ್ಚ್ ಮೊದಲ ವಾರದಲ್ಲೇ ಬಾಕಿ ನೆನಪಿಸಿ. ಆಗ ಅವರ ಆಡಿಟರೇ ನಿಮ್ಮ ಪರವಾಗಿ ಮಾತಾಡುತ್ತಾರೆ.

ಕಂಪನಿ ಆಗುವ ಮೊದಲೇ ಮುಗಿಸಿದ ಕೆಲಸಕ್ಕೆ ಬಿಲ್ ನಿಮ್ಮ ಹೆಸರಲ್ಲೇ ಹೋಗಬೇಕು. ದುಡ್ಡೂ ನಿಮ್ಮ ಖಾತೆಗೇ ಬರಬೇಕು. ಅರ್ಧಕ್ಕೆ ನಿಂತ ಕೆಲಸ ಇದ್ದರೆ, ಆದಷ್ಟಕ್ಕೆ ನಿಮ್ಮ ಹೆಸರಲ್ಲಿ ಬಿಲ್ ಕೊಟ್ಟು ಮುಗಿಸಿ. ಉಳಿದದ್ದನ್ನು ಕಂಪನಿ ಮಾಡುತ್ತದೆ ಅಂತ ಗಿರಾಕಿಗೆ ಇಮೇಲ್ ಹಾಕಿ, ಅವರಿಂದ 'ಸರಿ' ಅಂತ ಉತ್ತರ ಬರೆಸಿಕೊಳ್ಳಿ. ಆ ಉತ್ತರ ಬಂದ ಮೇಲೆಯೇ ಕಂಪನಿಯ ಬಿಲ್ ಕಳಿಸಿ.