ಕಿಡ್ನಿ ಕೋಶದ ಸೋಡಿಯಂ ಸಾಗಣೆ: ಉಸ್ಸಿಂಗ್ ಚೇಂಬರಿನ ಕರೆಂಟನ್ನು ಓದುವ ಬಗೆ

ವಯಸ್ಕರೊಬ್ಬರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಲೀಟರಿಗೆ 140 ಮಿಲಿಮೋಲ್ ಎಂದು ಹಿಡಿದರೂ ದಿನಕ್ಕೆ 25,000 ಮಿಲಿಮೋಲ್ ಸೋಡಿಯಂ ನಾಳಿಕೆಗೆ ಇಳಿಯುತ್ತದೆ. ಮೂತ್ರದಲ್ಲಿ ಹೊರಹೋಗುವುದು ಅದರಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸು ಮಾತ್ರ. ಉಳಿದದ್ದು ರಕ್ತಕ್ಕೆ ಮರಳುತ್ತದೆ: ಪ್ರಾಕ್ಸಿಮಲ್ ನಾಳಿಕೆಯಲ್ಲಿ ಸುಮಾರು ಶೇ 65, ಹೆನ್ಲೆ ಕುಣಿಕೆಯ ದಪ್ಪ ಏರುಭಾಗದಲ್ಲಿ ಶೇ 25, ಡಿಸ್ಟಲ್ ನಾಳಿಕೆಯಲ್ಲಿ ಶೇ 5ರಷ್ಟು, ಕಲೆಕ್ಟಿಂಗ್ ಡಕ್ಟ್‌ನಲ್ಲಿ ಶೇ 2–3. ಕೊನೆಯ ಪಾಲು ಚಿಕ್ಕದಾದರೂ ಆಲ್ಡೋಸ್ಟಿರೋನ್ ಹಾರ್ಮೋನಿನ ಹಿಡಿತ ಇರುವುದು ಅಲ್ಲಿ. ಉಪ್ಪಿನ ಲೆಕ್ಕ ಕೊನೆಗೆ ಸರಿದೂಗುವುದೂ ಅಲ್ಲೇ. ಪ್ರಯೋಗಾಲಯದಲ್ಲಿ ಆ ಪಾಲನ್ನು ಅಳೆಯುವುದು ಹೇಗೆ ಎಂಬುದೇ ಈ ಟಿಪ್ಪಣಿಯ ವಿಷಯ.

ಮೊದಲು ದಿಕ್ಕು

ಕಲೆಕ್ಟಿಂಗ್ ಡಕ್ಟ್ ಕೋಶಕ್ಕೆ ಎರಡು ಮುಖ. ಏಪಿಕಲ್ ಪೊರೆ ಮೂತ್ರದ ಕಡೆಗೆ, ಬೇಸೋಲ್ಯಾಟರಲ್ ಪೊರೆ ರಕ್ತದ ಕಡೆಗೆ. ಸೋಡಿಯಂ-ಪೊಟ್ಯಾಸಿಯಂ ಪಂಪ್ ಇರುವುದು ರಕ್ತದ ಕಡೆ. ಒಂದು ಎಟಿಪಿ ಖರ್ಚು ಮಾಡಿ 3 ಸೋಡಿಯಂ ಹೊರಹಾಕುತ್ತದೆ, 2 ಪೊಟ್ಯಾಸಿಯಂ ಒಳಗೆಳೆಯುತ್ತದೆ. ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಕಂಡುಹಿಡಿದದ್ದು ಇದನ್ನೇ. 1997ರಲ್ಲಿ ಅದಕ್ಕೆ ನೊಬೆಲ್ ಬಂತು. ಪಂಪಿನ ಕೆಲಸದಿಂದ ಕೋಶದೊಳಗಿನ ಸೋಡಿಯಂ 12 ಮಿಲಿಮೋಲಾರ್‌ನಷ್ಟಕ್ಕೆ ಇಳಿಯುತ್ತದೆ. ಹೊರಗೆ 140. ನರ್ನ್‌ಸ್ಟ್ ಸೂತ್ರಕ್ಕೆ ಹಾಕಿದರೆ ಸುಮಾರು 66 ಮಿಲಿವೋಲ್ಟ್. ಕೋಶದೊಳಗೆ ಋಣ 70 ಎಂದು ಹಿಡಿದರೆ ಒಟ್ಟು 136 ಮಿಲಿವೋಲ್ಟ್ ತಳ್ಳುಬಲ ಸೋಡಿಯಂ ಮೇಲೆ ಬೀಳುತ್ತದೆ. ಮೂತ್ರದ ಕಡೆ ಇನ್ಯಾಕ್ (ENaC) ಎಂಬ ಸೋಡಿಯಂ ಚಾನಲ್ ತೆರೆದರೆ ಸಾಕು, ಅದು ತಾನಾಗಿ ಒಳನುಗ್ಗುತ್ತದೆ. ಪರೀಕ್ಷೆಯಲ್ಲಿ ಪಂಪನ್ನು ಏಪಿಕಲ್ ಕಡೆಗೆ ಬರೆದುಬಿಡುವ ತಪ್ಪು ಬಹಳ ಸಾಮಾನ್ಯ. ಹಾಗೆ ಬರೆದರೆ ಸೋಡಿಯಂ ಮತ್ತೆ ಮೂತ್ರಕ್ಕೇ ಬೀಳುತ್ತದೆ. ಇಡೀ ಚಿತ್ರವೇ ತಲೆಕೆಳಗು.

ಕರೆಂಟೇ ಸಾಗಣೆ ಹೇಗೆ?

ಡೆನ್ಮಾರ್ಕಿನ ಹಾನ್ಸ್ ಉಸ್ಸಿಂಗ್ 1951ರಲ್ಲಿ ಕಪ್ಪೆಯ ಚರ್ಮದ ಮೇಲೆ ಇದನ್ನು ತೋರಿಸಿದರು. ಕೋಶಗಳ ಹಾಳೆಯನ್ನು ಎರಡು ದ್ರಾವಣಗಳ ನಡುವೆ ಕೂರಿಸುವ ಪಾತ್ರೆಯೇ ಉಸ್ಸಿಂಗ್ ಚೇಂಬರ್. ಹಾಳೆಯ ಎರಡೂ ಕಡೆ ಒಂದೇ ದ್ರಾವಣ ಇಡಿ. ಸಾಂದ್ರತೆಯ ವ್ಯತ್ಯಾಸ ಹೋಯಿತು. ಹೊರಗಿನಿಂದ ಕರೆಂಟ್ ಕೊಟ್ಟು ವೋಲ್ಟೇಜನ್ನು ಸೊನ್ನೆಗೆ ಹಿಡಿದಿಡಿ. ವಿದ್ಯುತ್ತಿನ ತಳ್ಳಾಟವೂ ಹೋಯಿತು. ಆಮೇಲೆ ನಿವ್ವಳವಾಗಿ ದಾಟುವ ಅಯಾನು ಕೋಶವೇ ಶಕ್ತಿ ಖರ್ಚು ಮಾಡಿ ದಾಟಿಸಿದ್ದು. ಆ ಶಾರ್ಟ್ ಸರ್ಕ್ಯೂಟ್ ಕರೆಂಟ್ 1 ಮೈಕ್ರೋಆಂಪಿಯರ್ ಇದ್ದರೆ ಗಂಟೆಗೆ 37.3 ನ್ಯಾನೋಮೋಲ್ ಒಂಟಿ ಆವೇಶದ ಅಯಾನು ದಾಟಿದಂತೆ. ಫ್ಯಾರಡೆ ಸ್ಥಿರಾಂಕ 96,485ರಿಂದ ಭಾಗಿಸಿ 3,600ರಿಂದ ಗುಣಿಸಿದರೆ ಇದೇ ಸಂಖ್ಯೆ ಸಿಗುತ್ತದೆ. ಒಮ್ಮೆ ಕೈಯಲ್ಲೇ ಮಾಡಿ ನೋಡಿ, ಮರೆಯುವುದಿಲ್ಲ.

ಹಾಳೆ, ದ್ರಾವಣ, ಸೇತುವೆ

ಇಲಿಯ ಕಲೆಕ್ಟಿಂಗ್ ಡಕ್ಟ್ ಕೋಶಗಳನ್ನು 0.4 ಮೈಕ್ರೋಮೀಟರ್ ರಂಧ್ರದ ಫಿಲ್ಟರ್ ಮೇಲೆ ಒತ್ತಾಗಿ ಬಿತ್ತಿ, ದಿನ ಬಿಟ್ಟು ದಿನ ಮೀಡಿಯಂ ಬದಲಿಸಿ, 7ರಿಂದ 10 ದಿನ ಬೆಳೆಸಬೇಕು. ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ತಳದ ಕಡೆಯಿಂದ ಆಹಾರ ಸಿಗದು, ಮುಖಗಳೂ ಸರಿಯಾಗಿ ಬೇರ್ಪಡವು. ಆಲ್ಡೋಸ್ಟಿರೋನ್ ಪರಿಣಾಮ ನೋಡುವುದಿದ್ದರೆ ಹಿಂದಿನ ದಿನವೇ ಸ್ಟೀರಾಯ್ಡ್ ಇಲ್ಲದ ಮೀಡಿಯಂಗೆ ಬದಲಿಸಿ. ಸೀರಂನಲ್ಲೇ ಸ್ಟೀರಾಯ್ಡ್ ಇರುತ್ತದೆ. ಅದು ಉಳಿದರೆ ಕಂಟ್ರೋಲ್ ಹಾಳೆಯೂ ಎಚ್ಚೆತ್ತೇ ಇರುತ್ತದೆ, ವ್ಯತ್ಯಾಸ ಕಾಣುವುದಿಲ್ಲ.

ದ್ರಾವಣ ಮಿಲಿಮೋಲಾರ್ ಲೆಕ್ಕದಲ್ಲಿ: ಸೋಡಿಯಂ ಕ್ಲೋರೈಡ್ 115, ಸೋಡಿಯಂ ಬೈಕಾರ್ಬೊನೇಟ್ 25, ಪೊಟ್ಯಾಸಿಯಂ ಕ್ಲೋರೈಡ್ 5, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕ್ಲೋರೈಡ್ ತಲಾ 1.2, ಗ್ಲೂಕೋಸ್ 10. ಕ್ಯಾಲ್ಸಿಯಂ ಮಾತ್ರ ಕೊನೆಗೆ. ಶೇ 95 ಆಮ್ಲಜನಕ, ಶೇ 5 ಇಂಗಾಲದ ಡೈಆಕ್ಸೈಡ್ ಇರುವ ಅನಿಲವನ್ನು ಕಾಲು ಗಂಟೆ ಹಾಯಿಸಿ ಪಿಎಚ್ 7.4ಕ್ಕೆ ಬಂದ ಮೇಲೆ ಹಾಕಿ. ಅನಿಲ ಹಾಯಿಸದ ಬೈಕಾರ್ಬೊನೇಟ್ ದ್ರಾವಣ ಕ್ಷಾರೀಯ. ಅದಕ್ಕೆ ಕ್ಯಾಲ್ಸಿಯಂ ಬಿದ್ದರೆ ಕಾರ್ಬೊನೇಟ್ ಆಗಿ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗಾದದ್ದನ್ನು ಸೋಸಿ ಬಳಸಬೇಡಿ, ಚೆಲ್ಲಿ ಹೊಸದು ಮಾಡಿ. ಕ್ಯಾಲ್ಸಿಯಂ ಕಡಿಮೆಯಾದರೆ ಕೋಶಗಳ ನಡುವಿನ ಬಿಗಿ ಜೋಡಣೆಗಳು ಸಡಿಲವಾಗುತ್ತವೆ.

ಎಲೆಕ್ಟ್ರೋಡ್‌ಗೂ ದ್ರಾವಣಕ್ಕೂ ನಡುವೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಕರಗಿಸಿದ ಶೇ 3 ಅಗಾರ್ ಸೇತುವೆ ಇರುತ್ತದೆ. ಅದರ ತುದಿಯಲ್ಲಿ ಒಂದು ಗಾಳಿಗುಳ್ಳೆ ಕೂತರೂ ವೋಲ್ಟೇಜ್ ತೇಲಾಡುತ್ತದೆ. ಹಾಳೆ ಇಡುವ ಮೊದಲು, ಬರೀ ದ್ರಾವಣ ತುಂಬಿ ಆಫ್‌ಸೆಟ್ಟನ್ನು (ಹಾಳೆ ಇಲ್ಲದೆಯೂ ಕಾಣುವ ಉಳಿಕೆ ವೋಲ್ಟೇಜನ್ನು) ಸೊನ್ನೆ ಮಾಡಿ, ದ್ರಾವಣದ ರೋಧವನ್ನು ಕಳೆಯಿರಿ.

ಈ ಆಫ್‌ಸೆಟ್ ವಿಷಯದಲ್ಲಿ ಅಲಕ್ಷ್ಯ ಬೇಡ. 1 ಮಿಲಿವೋಲ್ಟ್ ಉಳಿದಿದೆ ಎನ್ನೋಣ. ಹಾಳೆಯ ರೋಧ 1,000 ಓಮ್ ಇದ್ದರೆ ಸುಳ್ಳು ಕರೆಂಟ್ 1 ಮೈಕ್ರೋಆಂಪಿಯರ್. ಕೋಶಗಳು ಸೋರಿ ರೋಧ 100 ಓಮಿಗೆ ಇಳಿದರೆ ಅದೇ 1 ಮಿಲಿವೋಲ್ಟ್ 10 ಮೈಕ್ರೋಆಂಪಿಯರ್ ತೋರಿಸುತ್ತದೆ. ಸಾಯುತ್ತಿರುವ ಹಾಳೆ ಚುರುಕಾದಂತೆ ಕಾಣುತ್ತದೆ! ಅದಕ್ಕೇ ರೋಧ ಬರೆಯದ ಕರೆಂಟ್ ಅಂಕಿಯನ್ನು ನಂಬಬಾರದು. ನಿಮಿಷಕ್ಕೊಮ್ಮೆ 2 ಮಿಲಿವೋಲ್ಟ್ ಪಲ್ಸ್ ಕೊಡಿ. ಕರೆಂಟ್ 2 ಮೈಕ್ರೋಆಂಪಿಯರ್ ಹಾರಿದರೆ ರೋಧ 1,000 ಓಮ್. ಫಿಲ್ಟರಿನ ವಿಸ್ತೀರ್ಣ 1.12 ಚದರ ಸೆಂಟಿಮೀಟರ್ ಆಗಿದ್ದರೆ ಗುಣಿಸಿ 1,120 ಎಂದು ಬರೆಯಬೇಕು. ಕರೆಂಟನ್ನು ವಿಸ್ತೀರ್ಣದಿಂದ ಭಾಗಿಸಬೇಕು, ರೋಧವನ್ನು ಗುಣಿಸಬೇಕು. ಅದಲುಬದಲಾಗುವುದು ಇಲ್ಲೇ.

ಎಷ್ಟು ಪಾಲು ಸೋಡಿಯಂ?

ಕರೆಂಟ್ 15–20 ನಿಮಿಷ ಸ್ಥಿರವಾಗಿ ನಿಂತ ಮೇಲೆ ಏಪಿಕಲ್ ಕಡೆಗೆ ಇನ್ಯಾಕ್ ಮುಚ್ಚುವ ಔಷಧ ಅಮಿಲೋರೈಡ್ 10 ಮೈಕ್ರೋಮೋಲಾರ್ ಹಾಕಿ. 5 ಮಿಲಿಲೀಟರ್ ಚೇಂಬರಿಗೆ 10 ಮಿಲಿಮೋಲಾರ್ ಸ್ಟಾಕ್‌ನಿಂದ 5 ಮೈಕ್ರೋಲೀಟರ್ ಸಾಕು. ಕರೆಂಟ್ 14 ಮೈಕ್ರೋಆಂಪಿಯರಿನಿಂದ 3ಕ್ಕೆ ಬಿತ್ತು ಎಂದಿಟ್ಟುಕೊಳ್ಳಿ. ಇನ್ಯಾಕ್ ಪಾಲು 11, ಅಂದರೆ ಗಂಟೆಗೆ ಸುಮಾರು 410 ನ್ಯಾನೋಮೋಲ್ ಸೋಡಿಯಂ. ಉಳಿದ 3 ಸಾಮಾನ್ಯವಾಗಿ ಕ್ಲೋರೈಡ್ ಸ್ರಾವದ್ದು. ಅದನ್ನೂ ಸೋಡಿಯಂ ಖಾತೆಗೆ ಬರೆಯಬೇಡಿ. ಚಾನಲ್ ಮುಚ್ಚಿದ್ದಕ್ಕೆ ಸಾಕ್ಷಿ ಎಂದರೆ ಕರೆಂಟ್ ಇಳಿಯುವ ಹೊತ್ತಿಗೇ ರೋಧ ಏರುವುದು. ಎರಡೂ ಒಟ್ಟಿಗೆ ಇಳಿದರೆ ಹಾಳೆ ಹರಿದಿರಬಹುದು. ಅಮಿಲೋರೈಡ್ ಪ್ರಮಾಣವನ್ನು ನೂರಾರು ಮೈಕ್ರೋಮೋಲಾರ್‌ಗೆ ಏರಿಸಿದರೆ ಸೋಡಿಯಂ-ಹೈಡ್ರೋಜನ್ ವಿನಿಮಯವೂ ನಿಲ್ಲುತ್ತದೆ, ಆಗ ಉತ್ತರ ಕಲಸಿಹೋಗುತ್ತದೆ.

ಪಂಪನ್ನು ಊಬೇನ್‌ನಿಂದ ತಡೆಯುವಾಗ ರಕ್ತದ ಕಡೆಗೇ ಹಾಕಬೇಕು. ಇಲಿ, ಹೆಗ್ಗಣದ ಪಂಪಿನ ಆಲ್ಫಾ-1 ಘಟಕ ಊಬೇನ್‌ಗೆ ಅಷ್ಟಾಗಿ ಬಗ್ಗದು. 1 ಮಿಲಿಮೋಲಾರ್‌ವರೆಗೂ ಬೇಕಾಗುತ್ತದೆ. ನಾಯಿಯ ಅಥವಾ ಮನುಷ್ಯರ ಕೋಶಕ್ಕೆ ಅದರ ಸಣ್ಣ ಪಾಲು ಸಾಕು. "ಊಬೇನ್ ಕೆಲಸ ಮಾಡಲಿಲ್ಲ" ಎಂದು ಬಾಟಲಿಯನ್ನು ಬೈಯುವ ಮೊದಲು ಕೋಶ ಯಾವ ಪ್ರಾಣಿಯದು ಎಂದು ನೋಡಿ.

ಈ ವಿಧಾನಕ್ಕೆ ಕಾಣದ್ದು

ದಪ್ಪ ಏರುಭಾಗದ ಸಾಗಣೆ ಪ್ರೋಟೀನ್ ಎನ್‌ಕೆಸಿಸಿ2 ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಒಟ್ಟಿಗೆ ಒಯ್ಯುತ್ತದೆ. ಆವೇಶ ಕೂಡಿಸಿದರೆ ಸೊನ್ನೆ. ಡಿಸ್ಟಲ್ ನಾಳಿಕೆಯ ಎನ್‌ಸಿಸಿ ಒಂದು ಸೋಡಿಯಂಗೆ ಒಂದು ಕ್ಲೋರೈಡ್ ಒಯ್ಯುತ್ತದೆ, ಅದೂ ಸೊನ್ನೆ. ಎನ್‌ಸಿಸಿಯನ್ನು ಥಯಾಜೈಡ್ ಹಾಕಿ ನಿಲ್ಲಿಸಿದರೂ ಮೀಟರಿನ ಮುಳ್ಳು ಅಲುಗದೆ ಇರುವುದು ಇದಕ್ಕೇ, ಔಷಧದಲ್ಲಿ ದೋಷವಿಲ್ಲ. ಇಂಥಲ್ಲಿ ವಿಕಿರಣಶೀಲ ಸೋಡಿಯಂ-22ರ ಗುರುತು ಹಿಡಿದು ಕೋಶ ಎಷ್ಟು ಹೀರಿತು ಎಂದು ಅಳೆಯಬೇಕು. ಎನ್‌ಕೆಸಿಸಿ2ಕ್ಕೆ ರುಬಿಡಿಯಂ-86 ಸಾಕು, ಸಾಗಣೆ ಪ್ರೋಟೀನ್ ಅದನ್ನು ಪೊಟ್ಯಾಸಿಯಂ ಎಂದೇ ಎತ್ತಿಕೊಳ್ಳುತ್ತದೆ. ಆದರೆ ಸೋಡಿಯಂ-ಪೊಟ್ಯಾಸಿಯಂ ಪಂಪೂ ರುಬಿಡಿಯಂ ಎತ್ತುವುದರಿಂದ, ಊಬೇನ್ ಹಾಕಿದ ತಟ್ಟೆಯಲ್ಲಿ ಎನ್‌ಕೆಸಿಸಿ2 ತಡೆಯುವ ಫ್ಯೂರೋಸೆಮೈಡ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಎಂಬ ವ್ಯತ್ಯಾಸವನ್ನೇ ಲೆಕ್ಕಕ್ಕೆ ಹಿಡಿಯಬೇಕು.